ಬಲಿಪೀಠದಿಂದ ಪಂಕ್ತಿಗೆ: ಕ್ರೈಸ್ತರ ಬಾಡೂಟದ ಹಿನ್ನೆಲೆ

ಊರಹಬ್ಬದ ಸಂಜೆ ಪಕ್ಕದ ಮನೆಯಿಂದ ಸ್ಟೀಲ್ ಡಬ್ಬಿ ಬರುತ್ತದೆ. ಕೆಳಗಿನ ಬಟ್ಟಲಲ್ಲಿ ಮಟನ್ ಸಾರು, ಮೇಲಿನದರಲ್ಲಿ ಎರಡು ಮುದ್ದೆ. ಮಾರಮ್ಮನಿಗೆ ಹರಕೆ ಹೊತ್ತ ಮರಿಯದು ಎಂಬುದು ಬೀದಿಗೆಲ್ಲ ಗೊತ್ತು. ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ಒಳಗೆ ಹಾಕಿಕೊಂಡು ಬೆಳೆದ ಬೆಂಗಳೂರಿನಲ್ಲಿ ಇದೇನು ಹೊಸತಲ್ಲ. ಆ ಡಬ್ಬಿ ಕ್ರೈಸ್ತರ ಮನೆ ಸೇರಿದಾಗ ಮಾತ್ರ ಒಂದು ಹಳೆಯ ಪ್ರಶ್ನೆ ತಲೆಯೆತ್ತುತ್ತದೆ. ಕಥೋಲಿಕರ ಮನೆಗಳಲ್ಲಿ ಸಾಮಾನ್ಯವಾಗಿ ಶಿಲುಬೆಯ ಗುರುತು ಹಾಕಿಕೊಂಡು ಉಣ್ಣುತ್ತಾರೆ. ಪೆಂತೆಕೋಸ್ತ್ ಸಭೆಯವರಲ್ಲಿ ಅನೇಕರು “ಬೇಜಾರು ಮಾಡ್ಕೋಬೇಡಿ ಆಂಟಿ” ಎಂದು ಹಿಂದಿರುಗಿಸುತ್ತಾರೆ. ತಮಾಷೆಯೆಂದರೆ ಇಬ್ಬರೂ ಆಧಾರ ಕೊಡುವುದು ಒಂದೇ ಪತ್ರದಿಂದ: ಯೇಸುವಿನ ಸಂದೇಶ ಸಾರಿದ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರ, 8ರಿಂದ 10ನೇ ಅಧ್ಯಾಯ.

ಕ್ರೈಸ್ತರಿಗೆ ಊಟದಲ್ಲಿ ಕಟ್ಟುಪಾಡೇ ಇಲ್ಲ ಎಂಬ ಮಾತು ಈ ಊರಲ್ಲಿ ಚಾಲ್ತಿಯಲ್ಲಿದೆ. ಅದು ಅರ್ಧ ನಿಜ. ಯಾವ ಪ್ರಾಣಿ ಎಂಬ ಕಟ್ಟು ಬಹುಪಾಲು ಸಡಿಲವಾಯಿತು. ಯಾವ ದಿನ, ಯಾರ ಜೊತೆ ಕೂತು, ಯಾರಿಗೆ ಕೃತಜ್ಞತೆ ಹೇಳಿ ಎಂಬ ಕಟ್ಟುಗಳು ಆ ಜಾಗಕ್ಕೆ ಬಂದವು. ಇದು ಹೇಗಾಯಿತೆಂದು ತಿಳಿಯಲು ಕುರಿ ಕೊಯ್ಯುವ ಜಾಗದಿಂದಲೇ ಹೊರಡಬೇಕು.

ಒಂದೇ ದಿನದಲ್ಲಿ ತಿಂದು ಮುಗಿಸಬೇಕಾದ ಕುರಿ

ಬೈಬಲಿನ ಮೊದಲ ಅಧ್ಯಾಯದಲ್ಲಿ ಮನುಷ್ಯನ ಪಾಲಿಗೆ ಬರುವುದು ಕಾಳು, ಹಣ್ಣು (ಆದಿಕಾಂಡ 1:29). ಮಾಂಸಕ್ಕೆ ಅಪ್ಪಣೆ ಸಿಗುವುದು ಜಲಪ್ರಳಯ ಇಳಿದ ಮೇಲೆ, ನೋಹನಿಗೆ (9:3). ಅದಕ್ಕೂ ಒಂದು ಷರತ್ತು ಇದೆ: ರಕ್ತ ತಿನ್ನಕೂಡದು, ರಕ್ತವೆಂದರೆ ಜೀವ. ಯಾಜಕಕಾಂಡದ 17ನೇ ಅಧ್ಯಾಯ ಇನ್ನೂ ಬಿಗಿ. ದನ, ಕುರಿ, ಆಡು ಯಾವುದನ್ನು ಕೊಯ್ಯುವುದಿದ್ದರೂ ದೇವದರ್ಶನದ ಗುಡಾರದ ಬಾಗಿಲಿಗೆ ತರಬೇಕು. ತರದೆ ಕೊಯ್ದವನ ಮೇಲೆ ರಕ್ತದ ದೋಷ. ಬಲಿಯಿಲ್ಲದೆ ಬಾಡಿಲ್ಲ ಎಂದಂತಾಯಿತು. ಧರ್ಮೋಪದೇಶಕಾಂಡ 12 ಇದನ್ನು ಸಡಿಲಿಸಿತು. ಆರಾಧನೆ ಒಂದೇ ಸ್ಥಳಕ್ಕೆ ಸೇರಿದ ಮೇಲೆ ದೂರದೂರಿನವರು ಒಂದು ಹೊತ್ತಿನ ಮಾಂಸಕ್ಕಾಗಿ ಅಲ್ಲಿಯವರೆಗೆ ನಡೆದಾರೆಯೇ? ಇದ್ದ ಊರಲ್ಲೇ ಕೊಯ್ದು ತಿನ್ನಿರಿ, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿದುಬಿಡಿ ಎಂದು ಅಪ್ಪಣೆಯಾಯಿತು. ಕಟುಕನ ಕತ್ತಿಯೂ ಯಾಜಕನ ಕತ್ತಿಯೂ ಬೇರೆಯಾದದ್ದು ಅಲ್ಲಿ.

ಯಾಜಕಕಾಂಡ ಹೇಳುವ ಬಲಿಗಳು ಮುಖ್ಯವಾಗಿ ಐದು. ಸರ್ವಾಂಗಹೋಮದಲ್ಲಿ ಚರ್ಮವೊಂದನ್ನು ಬಿಟ್ಟು ಪ್ರಾಣಿ ಪೂರ್ತಿ ಬೆಂಕಿಗೆ ಹೋಗುತ್ತದೆ. ಧಾನ್ಯನೈವೇದ್ಯ ಹಿಟ್ಟು, ಎಣ್ಣೆಯದು. ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತಯಜ್ಞಗಳಲ್ಲಿ ತಿನ್ನಲು ಉಳಿಯುವ ಮಾಂಸ ಯಾಜಕರ ಪಾಲು. ತಂದವನು ಹೆಂಡತಿ ಮಕ್ಕಳೊಂದಿಗೆ ಕೂತು ಉಣ್ಣುವುದು ಸಮಾಧಾನಯಜ್ಞದಲ್ಲಿ ಮಾತ್ರ. ಅದರ ಕ್ರಮ ಹೀಗೆ: ತಂದವನೇ ಪ್ರಾಣಿಯ ತಲೆಯ ಮೇಲೆ ಕೈಯಿಟ್ಟು ಕೊಯ್ಯುತ್ತಾನೆ. ರಕ್ತವನ್ನು ಯಾಜಕರು ಪೀಠದ ಸುತ್ತ ಎರಚುತ್ತಾರೆ. ಕರುಳಿನ ಮೇಲಿನ ಕೊಬ್ಬು, ಎರಡು ಮೂತ್ರಪಿಂಡ, ಲಿವರಿನ ಮೇಲಿನ ಭಾಗ, ಕುರಿಯಾದರೆ ಕೊಬ್ಬಿದ ಬಾಲವೂ ಸೇರಿ ಬೆಂಕಿಗೆ. ಎದೆಯ ಭಾಗ ಯಾಜಕರೆಲ್ಲರಿಗೆ, ಬಲತೊಡೆ ಅಂದು ಸೇವೆ ಮಾಡಿದ ಯಾಜಕನಿಗೆ, ಉಳಿದದ್ದೆಲ್ಲ ಮನೆಯವರಿಗೆ. ನಮ್ಮ ಹಳ್ಳಿಗಳಲ್ಲಿ ಮರಿ ಕಡಿದಾಗ ತಲೆ ಯಾರಿಗೆ, ತೊಡೆ ಯಾರಿಗೆ ಎಂಬ ಲೆಕ್ಕ ನೋಡಿದವರಿಗೆ ಇದು ಪರಕೀಯ ಎನಿಸದು.

ಸಮಾಧಾನಯಜ್ಞದ ಒಳಗೇ ಒಂದು ಬಗೆ ಕೃತಜ್ಞತೆಯದು. ಹೀಬ್ರೂವಿನಲ್ಲಿ ಅದಕ್ಕೆ ‘ತೋದಾ’ ಎಂದು ಹೆಸರು. ಕಡಲು ದಾಟಿ ಬಂದವರು, ಮರುಭೂಮಿ ದಾಟಿದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಟ್ಟವರು ಈ ನಾಲ್ವರು ಕೃತಜ್ಞತೆ ಸಲ್ಲಿಸಲೇಬೇಕೆಂದು ಯೆಹೂದಿ ಗುರುಗಳು 107ನೇ ಕೀರ್ತನೆಯಿಂದ ತೆಗೆದು ಹೇಳಿದರು. ಮಾಂಸದ ಜೊತೆಗೆ ರೊಟ್ಟಿಯೂ ಬೇಕು: ಹುಳಿಯಿಲ್ಲದ ಮೂರು ಬಗೆ, ಹುಳಿ ಹಾಕಿದ್ದು ಒಂದು ಬಗೆ. ಯೆಹೂದಿ ಗುರುಗಳ ನಿಯಮಸಂಗ್ರಹವಾದ ಮಿಶ್ನಾದ ಲೆಕ್ಕದಲ್ಲಿ ಬಗೆಗೆ ಹತ್ತರಂತೆ ಒಟ್ಟು 40. ಪ್ರತಿ ಬಗೆಯಲ್ಲೊಂದು ಯಾಜಕನಿಗೆ, ಉಳಿದ 36 ತಂದವನಿಗೆ. ಇಷ್ಟನ್ನೂ ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಇಡುವಂತಿಲ್ಲ (ಯಾಜಕಕಾಂಡ 7:15).

ಒಮ್ಮೆ ಲೆಕ್ಕ ಹಾಕಿ ನೋಡಿ. 25 ಕಿಲೋ ತೂಗುವ ಕುರಿಯಲ್ಲಿ ಮೂಳೆ ಸಮೇತ ಸಿಗುವುದು ಅರ್ಧಕ್ಕಿಂತ ತುಸು ಕಡಿಮೆ, 11-12 ಕಿಲೋ. ಎದೆ, ತೊಡೆ ಕೊಟ್ಟು ಮಿಕ್ಕಿದ್ದು 9 ಕಿಲೋ ಎಂದರೂ ತಲೆಗೆ 200 ಗ್ರಾಮಿನಂತೆ 45 ಜನರ ಊಟ. ಆರು ಮಂದಿಯ ಮನೆಯವರು ಎಷ್ಟು ಗಟ್ಟಿ ಹೊಟ್ಟೆಯವರಾದರೂ ರಾತ್ರಿಯೊಳಗೆ ಮುಗಿಸಲಾರರು. ನೆರೆಯವರನ್ನು ಕರೆಯಲೇಬೇಕು. ಬಿಸಿಲ ನಾಡು, ಮಾಂಸ ಕೆಡುತ್ತದೆ, ಅದಕ್ಕೇ ಈ ಗಡುವು ಎಂದು ಹೇಳುವವರಿದ್ದಾರೆ. ಆದರೆ ಹರಕೆಯ ಬಲಿಗೂ ಸ್ವಂತ ಇಚ್ಛೆಯಿಂದ ತಂದ ಬಲಿಗೂ ಅದೇ ಅಧ್ಯಾಯ ಎರಡು ದಿನ ಕೊಡುತ್ತದೆ; ಮೂರನೆಯ ದಿನ ಉಳಿದದ್ದನ್ನು ಸುಡಬೇಕು. ಅದೇ ಕುರಿ, ಅದೇ ಬಿಸಿಲು. ಕೆಡುವುದೊಂದೇ ಕಾರಣವಾಗಿದ್ದರೆ ಕೃತಜ್ಞತೆಯ ಮಾಂಸ ಮಾತ್ರ ಬೇಗ ಕೆಡಬೇಕಿತ್ತೇ? ಮೊದಲ ಶತಮಾನದ ಅಲೆಕ್ಸಾಂಡ್ರಿಯದ ಯೆಹೂದಿ ಚಿಂತಕ ಫಿಲೋ ಇದನ್ನು ಸರಿಯಾಗಿ ಹಿಡಿದಿದ್ದಾನೆ: ಬಲಿಯ ಮಾಂಸ ಕೂಡಿಡುವ ಸರಕಾಗಬಾರದು, ಬೇಕಾದವರಿಗೆಲ್ಲ ಸಿಗಬೇಕು.

ಬಲಿಯ ಮೇಲಿನ ಅನುಮಾನವೂ ಇದೇ ಪರಂಪರೆಯ ಒಳಗಿನದು. ನಾನೇನು ಹೋರಿಗಳ ಮಾಂಸ ತಿನ್ನುತ್ತೇನೆಯೇ ಎಂದು 50ನೇ ಕೀರ್ತನೆಯಲ್ಲಿ ದೇವರೇ ಕೇಳುತ್ತಾನೆ, ಕೃತಜ್ಞತೆಯನ್ನೇ ಬಲಿಯಾಗಿ ಕೊಡಿ ಎನ್ನುತ್ತಾನೆ. ಬಲಿಗಿಂತ ಕರುಣೆ ಬೇಕು ಎಂಬ ಪ್ರವಾದಿ ಹೋಶೇಯನ ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎತ್ತಿ ಹೇಳುವುದು, ಗಮನಿಸಿ, ಊಟದ ಪಂಕ್ತಿಯಲ್ಲಿ: ಸುಂಕದವರ ಜೊತೆ ಕೂತು ಉಂಡದ್ದಕ್ಕೆ ಆಕ್ಷೇಪ ಬಂದಾಗ.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದರು. ಯೆಹೂದಿಗಳ ಪಾಲಿಗೂ ಬಲಿ ನಿಂತಿತು. ಕ್ರೈಸ್ತರಾದರೋ ಅದಕ್ಕೂ ಮುಂಚೆಯೇ ಶಿಲುಬೆಯನ್ನು ಪಸ್ಕದ (ಈಜಿಪ್ಟಿನಿಂದಾದ ಬಿಡುಗಡೆ ನೆನೆಯುವ ಯೆಹೂದಿ ಹಬ್ಬ) ಕುರಿಯ ಮೂಲಕ ಅರ್ಥಮಾಡಿಕೊಳ್ಳತೊಡಗಿದ್ದರು. ವಿಮೋಚನಕಾಂಡ 12ರ ಆ ಕುರಿ ಒಂದು ವರ್ಷದ ಗಂಡು. ತಿಂಗಳ 10ನೇ ದಿನ ಆರಿಸಿ, 14ನೇ ಸಂಜೆ ಕೊಯ್ದು, ಬೇಯಿಸದೆ ಇಡಿಯಾಗಿ ಸುಟ್ಟು, ಮೂಳೆ ಮುರಿಯದೆ ತಿನ್ನಬೇಕು. ಯೇಸುವಿನ ಕಾಲು ಮುರಿಯಲಿಲ್ಲ ಎಂದು ಯೋಹಾನ ಬರೆಯುವಾಗ ಓದುಗರಿಗೆ ನೆನಪಾಗಬೇಕಾದದ್ದು ಇದೇ. ಆ ಒಂದು ಬಲಿ ಸಾಕು, ಮತ್ತೆ ಬೇಡ ಎಂದು ಇಬ್ರಿಯರಿಗೆ ಬರೆದ ಪತ್ರ ವಾದಿಸುತ್ತದೆ. ಉಳಿದದ್ದು ರೊಟ್ಟಿ, ದ್ರಾಕ್ಷಾರಸ ಮತ್ತು ಕೃತಜ್ಞತೆಯ ಪ್ರಾರ್ಥನೆ. ಗ್ರೀಕಿನಲ್ಲಿ ಕೃತಜ್ಞತೆಗೆ ‘ಯೂಖರಿಸ್ತಿಯ’ ಎನ್ನುತ್ತಾರೆ; ಆ ವಿಧಿಗೇ ಅದು ಹೆಸರಾಯಿತು. ತೋದಾದಲ್ಲಿ ಮಾಂಸದ ಭಾಗ ಹೋಗಿ ರೊಟ್ಟಿಯ ಭಾಗ ಉಳಿಯಿತು ಎಂದು ಕೆಲವು ವಿದ್ವಾಂಸರು ಹೇಳುವುದುಂಟು. ನಮಗೆ ಇದು ಒಪ್ಪತಕ್ಕ ಮಾತೆನಿಸುತ್ತದೆ.

ಅಂತಿಯೋಕ್ಯದ ಪಂಕ್ತಿಭೇದ

ಮಾಂಸದ ಬಗ್ಗೆ ಕ್ರೈಸ್ತರ ಮೊದಲ ಜಗಳ ನಡೆದದ್ದು ಪ್ರಾಣಿಯ ಸುತ್ತ ಅಲ್ಲವೇ ಅಲ್ಲ, ಎಲೆಯ ಸುತ್ತ. ಸಿರಿಯಾದ ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯವರು ಬಂದೊಡನೆ ಎದ್ದು ಬೇರೆ ಕೂತ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ (ಗಲಾತ್ಯದವರಿಗೆ 2). ಕನ್ನಡದಲ್ಲಿ ಇದಕ್ಕೆ ಪಂಕ್ತಿಭೇದ ಎಂಬ ಸಿದ್ಧಪದವೇ ಇದೆ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಸೇರಿ ರಾಜಿ ಮಾಡಿದರು: ಹೊಸಬರ ಮೇಲೆ ಮೋಶೆಯ ಪೂರ್ತಿ ನೇಮ ಹೇರುವುದು ಬೇಡ, ವಿಗ್ರಹಕ್ಕೆ ನೈವೇದ್ಯ ಮಾಡಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಈ ನಾಲ್ಕನ್ನು ಬಿಟ್ಟರೆ ಸಾಕು. ಎರಡೂ ಕಡೆಯವರು ಒಟ್ಟಿಗೆ ಉಣ್ಣಲು ಬೇಕಾದ ಕನಿಷ್ಠ ಒಪ್ಪಂದ ಅದು.

ಕೊರಿಂಥದಲ್ಲಿ ಸಮಸ್ಯೆ ಇನ್ನಷ್ಟು ತೊಡಕಿನದು. ಅಲ್ಲಿನ ವೈದ್ಯದೇವರು ಅಸ್ಕ್ಲೇಪಿಯಸ್‌ನ ದೇವಾಲಯದ ಅಗೆತದಲ್ಲಿ ಊಟದ ಕೋಣೆಗಳು ಸಿಕ್ಕಿವೆ, ಕೋಣೆಗೆ 11 ಮಂಚ. ಮದುವೆ, ಹುಟ್ಟುಹಬ್ಬ, ಸಂಘದ ಕೂಟಗಳಿಗೆ ದೇವಾಲಯವೇ ಕಲ್ಯಾಣಮಂಟಪ. ಬಲಿಯಾಗಿ ಮಿಕ್ಕ ಮಾಂಸ ಮಾರುಕಟ್ಟೆಗೂ ಹೋಗುತ್ತಿತ್ತು. ಪೌಲನ ಉತ್ತರವನ್ನು ಒಂದೇ ಸಾಲಿಗೆ ಇಳಿಸಿದವರೇ ಇವತ್ತಿನ ಗೊಂದಲಕ್ಕೆ ಕಾರಣ. ಅವನು ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡುತ್ತಾನೆ. ದೇವಾಲಯದೊಳಗೆ ಆ ದೇವರ ಪಂಕ್ತಿಯಲ್ಲೇ ಕೂರುವುದು ಬೇಡ, ಅದು ಆರಾಧನೆಯಲ್ಲಿ ಪಾಲು ತೆಗೆದುಕೊಂಡಂತೆ. ಕಟುಕರ ಅಂಗಡಿಯಲ್ಲಿ ಮಾರುವುದನ್ನು ಎಲ್ಲಿಂದ ಬಂತೆಂದು ಕೇಳದೆ ಕೊಂಡು ತಿನ್ನಿ. ಯಾರಾದರೂ ಮನೆಗೆ ಕರೆದರೆ ಬಡಿಸಿದ್ದನ್ನು ಕೇಳದೆ ಉಣ್ಣಿ. “ಇದು ಬಲಿಯದು” ಎಂದು ಯಾರಾದರೂ ಹೇಳಿದರೆ ಮಾತ್ರ ಬಿಡಿ, ಅದೂ ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ಕೃತಜ್ಞತೆ ಸಲ್ಲಿಸಿ ತಿಂದದ್ದಕ್ಕೆ ನನ್ನನ್ನೇಕೆ ದೂರಬೇಕು ಎಂದೂ ಕೇಳುತ್ತಾನೆ (10:30).

ಮೊದಲು ಹೇಳಿದ ಡಬ್ಬಿ ಎರಡನೆಯ ಸಂದರ್ಭಕ್ಕೂ ಮೂರನೆಯದಕ್ಕೂ ನಡುವೆ ಸಿಕ್ಕಿಕೊಂಡಿದೆ. ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯ್ದೆ ದೇವಸ್ಥಾನದ ಆವರಣದಲ್ಲಿ ಬಲಿಯನ್ನು ನಿಷೇಧಿಸುತ್ತದೆ. ಎಷ್ಟೋ ಮನೆಗಳಲ್ಲಿ ಗುಡಿಯಲ್ಲಿ ತೀರ್ಥ ಹಾಕಿಸಿ, ಮರಿಯನ್ನು ಬೇರೆಡೆ ಕಡಿದು ಅಡುಗೆ ಮಾಡುತ್ತಾರೆ. ಅದು ಬಲಿಯ ಮಾಂಸವೇ, ಹಬ್ಬದ ದಿನದ ಮಾಂಸವೇ? ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಬಾಡಂತೂ ಯಾವ ದೇವರ ಮುಂದೂ ಇಟ್ಟದ್ದಲ್ಲ. ಅದನ್ನೂ ಹಿಂದಿರುಗಿಸುವವರು ಪೌಲ ಕೇಳಬೇಡಿ ಎಂದದ್ದನ್ನೇ ಕೇಳುತ್ತಿದ್ದಾರೆ. ಹಲಾಲೋ ಜಟ್ಕಾವೋ ಎಂಬ ಪ್ರಶ್ನೆಗೂ ಕ್ರೈಸ್ತ ಉತ್ತರ ಇದರಲ್ಲೇ ಇದೆ. ಕತ್ತಿಯ ವಿಧಿ ಎಂಬುದು ಅವರಿಗಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮಟನ್ ಅಂಗಡಿಯಲ್ಲಿ ಕೊಂಡು ತಂದವರು ಎರಡು ಸಾವಿರ ವರ್ಷದ ಹಿಂದಿನ ಅನುಮತಿಯ ಮೇಲೇ ಅಡುಗೆ ಮಾಡುತ್ತಿರುತ್ತಾರೆ.

ಈ ಮಾರುಕಟ್ಟೆಗೆ ಇನ್ನೊಂದು ಸಾಕ್ಷಿ ಹೊರಗಿನವನದು. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರ ಮೇಲೆ ಕ್ರಮ ತೆಗೆದುಕೊಂಡ ಮೇಲೆ ಕೊಳ್ಳುವವರೇ ಅಪರೂಪವಾಗಿದ್ದ ಬಲಿಯ ಮಾಂಸ ಮತ್ತೆ ಮಾರಾಟವಾಗತೊಡಗಿದೆ ಎಂದು ವರದಿ ಮಾಡುತ್ತಾನೆ. ಪೌಲ ಕೇಳದೆ ಕೊಳ್ಳಿ ಎಂದಿದ್ದರೂ ಬಹಳ ಮಂದಿ ಕೊಳ್ಳುತ್ತಿರಲಿಲ್ಲ ಎಂದಾಯಿತು.

ರಕ್ತದ ತಕರಾರು

ಯೆರೂಸಲೇಮಿನ ನಾಲ್ಕರಲ್ಲಿ ರಕ್ತದ ನಿಷೇಧ ಬಹುಕಾಲ ಉಳಿಯಿತು. ಸುಮಾರು 197ರಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬರೆದ ಸಮರ್ಥನೆಯಲ್ಲಿ ಒಂದು ಚುರುಕಾದ ವಾದವಿದೆ. ಕ್ರೈಸ್ತರು ಕೂಸುಗಳ ರಕ್ತ ಕುಡಿಯುತ್ತಾರೆಂದು ಪುಕಾರು ಹಬ್ಬಿಸುತ್ತೀರಿ, ಅವರನ್ನು ಪತ್ತೆಹಚ್ಚಲು ರಕ್ತ ತುಂಬಿದ ಸಾಸೇಜು ಮುಂದಿಡುವವರೂ ನೀವೇ. ಪ್ರಾಣಿಯ ರಕ್ತ ಮುಟ್ಟದವರು ಮನುಷ್ಯರದ್ದು ಕುಡಿದಾರೆಯೇ? ಪೂರ್ವದ ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಸಭೆಗಳ ನಿಯಮದಲ್ಲಿ 692ರ ತ್ರುಲ್ಲೋ ಸಭೆ ಅದನ್ನು ಮತ್ತೆ ಬರೆಯಿತು. ಪಶ್ಚಿಮದಲ್ಲಿ ಅದು ಸದ್ದಿಲ್ಲದೆ ಸವೆಯಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ, ಯೆಹೂದ್ಯರೂ ಇತರರೂ ಒಂದಾಗಲೆಂದು ಆ ಕಾಲಕ್ಕೆ ಮಾಡಿದ ನಿಯಮವದು, ಕಾರಣ ಹೋದ ಮೇಲೆ ನಿಯಮವೂ ಹೋಯಿತು ಎಂದಿತು.

ಇದರ ಫಲ ಬೆಂಗಳೂರಿನ ಅಡುಗೆಮನೆಯಲ್ಲಿದೆ. ಗೋವಾ, ಮಂಗಳೂರು ಕಡೆಯಿಂದ ಬಂದ ಕಥೋಲಿಕರ ಸೊರ್ಪೊತೆಲ್‌ಗೆ ಹಂದಿಯ ಮಾಂಸ, ಲಿವರು, ಗುಂಡಿಗೆಯ ಜೊತೆ ರಕ್ತವೂ ಬೀಳುತ್ತಿತ್ತು. ರಕ್ತ ಹಿಡಿದ ಕೂಡಲೇ ವಿನೆಗರ್ ಬೆರೆಸಿ ಕದಡಬೇಕು, ಇಲ್ಲವಾದರೆ ಹೆಪ್ಪುಗಟ್ಟಿ ಗಂಟಾಗುತ್ತದೆ. ಈಗ ನಗರದ ಹೆಚ್ಚಿನ ಮನೆಗಳಲ್ಲಿ ರಕ್ತ ಬಿಟ್ಟಿದ್ದಾರೆ, ಕಾರಣ ಧರ್ಮವಲ್ಲ, ಶುದ್ಧ ರಕ್ತ ಸಿಗದಿರುವುದು. ಇನ್ನೊಂದು ಮಾತು: ಪ್ಯಾಕೆಟ್ಟಿನ ತಳದಲ್ಲಿ ನಿಲ್ಲುವ ಕೆಂಪು ನೀರು ರಕ್ತವಲ್ಲ, ಸ್ನಾಯುವಿನ ಮಯೋಗ್ಲೋಬಿನ್ ಬೆರೆತ ನೀರು. ರಕ್ತ ಕೊಯ್ದಾಗಲೇ ಹರಿದುಹೋಗಬೇಕು. ಸರಿಯಾಗಿ ಹರಿಯದ ಮಾಂಸ ಕಪ್ಪಗಿರುತ್ತದೆ, ಬೇಗ ನಾರುತ್ತದೆ, ಸೂಕ್ಷ್ಮಾಣುಗಳಿಗೆ ರಕ್ತದಂಥ ಮೇವು ಬೇರಿಲ್ಲ. ಯೆಹೂದಿಗಳು ಇವತ್ತಿಗೂ ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ದಪ್ಪ ಉಪ್ಪು ಹಚ್ಚಿಟ್ಟು, ಮೂರು ಸಲ ತೊಳೆಯುತ್ತಾರೆ.

ಪ್ರಾಣಿ ಬಿಟ್ಟು ದಿನ ಹಿಡಿದದ್ದು

ಮಾಂಸವೇ ಕೆಟ್ಟದ್ದು ಎಂದವರನ್ನು ಸಭೆ ಬಲು ಬೇಗ ತಡೆಯಿತು. 314ರ ಅಂಕಿರ ಸಭೆ, ಮಾಂಸ ಬಿಟ್ಟ ಗುರುಗಳು ಒಮ್ಮೆ ರುಚಿ ನೋಡಿ ತಾವು ಅದನ್ನು ಹೇಸುವುದಿಲ್ಲವೆಂದು ತೋರಿಸಿ, ಆಮೇಲೆ ಬೇಕಾದರೆ ಬಿಡಲಿ ಎಂದಿತು. ನಾಲ್ಕನೇ ಶತಮಾನದ ಗಂಗ್ರ ಸಭೆ, ರಕ್ತವಿಲ್ಲದ, ವಿಗ್ರಹಕ್ಕಿಡದ ಮಾಂಸ ತಿನ್ನುವ ಭಕ್ತನನ್ನು ಖಂಡಿಸುವವನಿಗೇ ಬಹಿಷ್ಕಾರ ಹಾಕಿತು. ಬಿಡುವುದು ತಪ್ಪಲ್ಲ, ಸೃಷ್ಟಿಯನ್ನು ಹಳಿದು ಬಿಡುವುದು ತಪ್ಪು. ಆರನೇ ಶತಮಾನದ ಬೆನೆಡಿಕ್ಟರ ಮಠದ ನಿಯಮ ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ಬಿಡಿಸಿತು, ಕಾಯಿಲೆಯಿಂದ ತೀರ ಸೋತವರಿಗೆ ರಿಯಾಯಿತಿ ಇಟ್ಟು.

ಸಾಮಾನ್ಯರಿಗೆ ಬಂದದ್ದು ದಿನದ ಕಟ್ಟು. ಬುಧವಾರ, ಶುಕ್ರವಾರ ಉಪವಾಸ ಇರಿ ಎಂದು ‘ದಿದಖೆ’ ಎಂಬ ಬಹು ಹಳೆಯ ಕೈಪಿಡಿಯಲ್ಲೇ ಇದೆ. ಮಧ್ಯಯುಗದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮೊಟ್ಟೆ, ಹಾಲು, ಬೆಣ್ಣೆಯೂ ಇರಲಿಲ್ಲ. ಈಸ್ಟರ್‌ಗೆ ಮೊಟ್ಟೆ ಬಂದದ್ದಕ್ಕೆ ಅದೊಂದು ಕಾರಣ. 1522ರಲ್ಲಿ ಜ್ಯೂರಿಕ್‌ನ ಮುದ್ರಕನೊಬ್ಬನ ಮನೆಯಲ್ಲಿ ತಪಸ್ಸುಕಾಲದಲ್ಲೇ ಸಾಸೇಜು ಕೊಯ್ದು ತಿಂದರು. ಅಲ್ಲಿದ್ದ ಪಾದ್ರಿ ಜ್ವಿಂಗ್ಲಿ ಆಹಾರದ ಸ್ವಾತಂತ್ರ್ಯದ ಮೇಲೆ ಉಪದೇಶ ಮಾಡಿದ. ಸ್ವಿಸ್ ಪ್ರೊಟೆಸ್ಟೆಂಟ್ ಸುಧಾರಣೆ ಆರಂಭವಾದದ್ದು ಹೀಗೆ, ಎರಡು ಸಾಸೇಜಿನಿಂದ.

ಈಗಿನ ಕಥೋಲಿಕ ನಿಯಮ 1966ರ ಆರನೇ ಪೌಲರ ಆದೇಶ ಮತ್ತು 1983ರ ಧರ್ಮಸಂಹಿತೆಯದು. 14 ತುಂಬಿದವರಿಗೆ ಮಾಂಸವರ್ಜನೆ. 18 ತುಂಬಿದವರಿಗೆ 59 ತುಂಬುವವರೆಗೆ ಉಪವಾಸ. ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೂ ಕಡ್ಡಾಯ. ಇತರ ಶುಕ್ರವಾರಗಳಿಗೆ ಆಯಾ ದೇಶದ ಧರ್ಮಾಧ್ಯಕ್ಷರು ಬೇರೆ ತಪಸ್ಸನ್ನೋ ದಾನವನ್ನೋ ಸೂಚಿಸಬಹುದು. ಉಪವಾಸವೆಂದರೆ ಒಂದು ಹೊಟ್ಟೆ ತುಂಬ ಊಟ, ಎರಡು ಸಣ್ಣ ತಿಂಡಿ. ಎರಡೂ ಸೇರಿ ಒಂದು ಊಟದಷ್ಟಾಗಬಾರದು. ನಿಷೇಧ ಮಾಂಸಕ್ಕೆ ಮಾತ್ರ. ಮೊಟ್ಟೆ, ಹಾಲಿನ ಪದಾರ್ಥ, ಒಗ್ಗರಣೆಗೆ ಹಾಕಿದ ಪ್ರಾಣಿಯ ಕೊಬ್ಬು ಅದರಲ್ಲಿ ಬರುವುದಿಲ್ಲ. ಮೀನು ಮಾಂಸವಲ್ಲವೆಂಬ ಹಳೆಯ ಎಣಿಕೆಯಿಂದ ಮೀನಿಗೂ ಅಡ್ಡಿಯಿಲ್ಲ. ಕರಾವಳಿಯಿಂದ ದೂರದ ಬೆಂಗಳೂರಿನಲ್ಲಿ ಇದರಿಂದ ಒಂದು ವಿಪರ್ಯಾಸ. ಶುಕ್ರವಾರದ ಕೋಳಿ ಬಿಟ್ಟು ಅದಕ್ಕಿಂತ ದುಬಾರಿ ಅಂಜಲ್ ತವಾ ಫ್ರೈ ತಿಂದರೆ ನಿಯಮ ಉಳಿಯುತ್ತದೆ, ತ್ಯಾಗ ಎಲ್ಲಿ ಉಳಿಯಿತು ಎಂದು ಕೇಳಬೇಕಾಗುತ್ತದೆ.

ಅಡುಗೆಯವರ ಕಷ್ಟ ಬೇರೆ. ಸೊರ್ಪೊತೆಲ್‌ಗೆ ಈಸ್ಟರ್ ಭಾನುವಾರ ರುಚಿ ಕೂಡಬೇಕಾದರೆ ಶನಿವಾರ ಬೆಳಿಗ್ಗೆಗೇ ಒಲೆಗೇರಬೇಕು, ಹಳಬರು ಶುಕ್ರವಾರ ಸಂಜೆಯೇ ಮಾಂಸ ಬೇಯಿಸಿಡುತ್ತಾರೆ. ಅಂದು ಉಪ್ಪು ನೋಡುವಂತಿಲ್ಲ. ಅದಕ್ಕೆ ಅಳತೆಯೇ ಗತಿ: ಒಂದು ಕಿಲೋ ಮಾಂಸಕ್ಕೆ 12 ಗ್ರಾಂ ಉಪ್ಪು, ಉಳಿದದ್ದು ಭಾನುವಾರ. ಬೇಯಿಸಿದ ಮಾಂಸ ಪೂರ್ತಿ ಆರಿದ ಮೇಲೆಯೇ ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಬೇಕು, ಬಿಸಿಯಿದ್ದಾಗ ಹೆಚ್ಚಿದರೆ ಕೊಬ್ಬು ಕಿತ್ತುಬರುತ್ತದೆ. ಲಿವರನ್ನು ಕೊನೆಗೆ ಹುರಿಯಬೇಕು, ಹೆಚ್ಚು ಹುರಿದರೆ ರಬ್ಬರು. ವಿನೆಗರ್ ಕಡಿಮೆಯಾದರೆ ಏಪ್ರಿಲ್ ಸೆಕೆಗೆ ಎರಡನೇ ದಿನಕ್ಕೇ ಬುರುಗು ಬರುತ್ತದೆ. ದಿನಕ್ಕೊಮ್ಮೆ ಕುದಿಸುವುದು, ಇಲ್ಲವೇ ಫ್ರಿಜ್ಜು.

ಇಲ್ಲಿಗೆ ಬಂದ ಮೇಲೆ

ಈ ನಾಡಿನಲ್ಲಿ ಸುವಾರ್ತೆ ಸಾರಲು ಬಂದ ಕೆಲವರು ಮಾಂಸವನ್ನೇ ಬಿಟ್ಟರು. 1606ರಲ್ಲಿ ಮಧುರೈಗೆ ಬಂದ ಇಟಲಿಯ ಯೇಸುಸಭೆಯ (ಜೆಸ್ವಿಟ್) ರಾಬರ್ಟ್ ದೆ ನೊಬಿಲಿ ಕಾವಿ ಉಟ್ಟು, ಮಾಂಸ, ಮೀನು, ಮೊಟ್ಟೆ ತ್ಯಜಿಸಿ ಸನ್ಯಾಸಿಯಂತೆ ಬದುಕಿದರು. ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಕಟ್ಟಿದ ಲಿಯೊನಾರ್ದೊ ಚಿನ್ನಮಿ ಅದೇ ದಾರಿ ಹಿಡಿದರು. ನನ್ನ ಊಟದಿಂದ ಸಹೋದರ ಎಡವುವುದಾದರೆ ಮಾಂಸವನ್ನೇ ಮುಟ್ಟುವುದಿಲ್ಲ ಎಂಬ ಪೌಲನ ಮಾತಿಗೆ (1 ಕೊರಿಂಥ 8:13) ಇದಕ್ಕಿಂತ ನೇರವಾದ ಆಚರಣೆ ಕಷ್ಟ. ಅದರ ಬೆಲೆಯೂ ಇತ್ತು: ಮೇಲ್ಜಾತಿಯವರ ಪಂಕ್ತಿ ತೆರೆದಷ್ಟೂ ಕೆಳಜಾತಿಯ ಕ್ರೈಸ್ತರ ಪಂಕ್ತಿ ದೂರವಾಯಿತು. 1850ರಲ್ಲಿ ಮದ್ರಾಸಿನ ಪ್ರೊಟೆಸ್ಟೆಂಟ್ ಮಿಷನರಿಗಳ ಸಮ್ಮೇಳನ ಇದಕ್ಕೆ ತದ್ವಿರುದ್ಧ ನಿಲುವು ತಳೆಯಿತು. ಯಾವುದೇ ಜಾತಿಯವರ ಜೊತೆ ಕೂತು ಉಣ್ಣಲು ಒಪ್ಪದವನು ಜಾತಿ ಬಿಟ್ಟವನಲ್ಲ ಎಂದಿತು. ಅಂತಿಯೋಕ್ಯದ ಜಗಳವೇ ಅದು.

ಅನುವಾದಕರ ಪದಗಳೂ ಕಥೆ ಹೇಳುತ್ತವೆ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಮೊದಲ ದಶಕಗಳಲ್ಲಿ ಆರಂಭಿಸಿದ ಕೆಲಸದಿಂದ ಮುಂದೆ ಬೆಳೆದ ಕನ್ನಡ ಬೈಬಲಿನಲ್ಲಿ ಯಜ್ಞ, ಹೋಮ, ನೈವೇದ್ಯ, ಯಾಜಕ ಎಲ್ಲ ಇವೆ. ದೇವರಿಗೆ ಅರ್ಪಿಸುವ ಹಿಟ್ಟಿಗೂ ನೈವೇದ್ಯ, ಕೊರಿಂಥದ ವಿಗ್ರಹಕ್ಕಿಟ್ಟ ಮಾಂಸಕ್ಕೂ ನೈವೇದ್ಯ. ಕಥೋಲಿಕರು ಭಾನುವಾರ ಹೋಗುವುದು ಬಲಿಪೂಜೆಗೆ, ಸ್ವೀಕರಿಸುವುದು ಪರಮಪ್ರಸಾದ. ಪ್ರಸಾದ ಮುಟ್ಟಬಾರದೆನ್ನುವ ಸಭೆಗಳೂ ಓದುವುದು ಇದೇ ಪದಗಳ ಬೈಬಲನ್ನೇ.

ಇಗರ್ಜಿಯಂಗಳದ ಕೋಳಿ

ಬಲಿ ಮುಗಿದರೂ ಪ್ರಾಣಿ ಇಗರ್ಜಿಯ (ಚರ್ಚಿನ) ಅಂಗಳ ಬಿಟ್ಟು ಹೋಗಲಿಲ್ಲ. 601ರಲ್ಲಿ ಗ್ರೆಗೊರಿ ಪೋಪ್ ಇಂಗ್ಲೆಂಡಿಗೆ ಹೊರಟ ಮೆಲ್ಲಿತುಸ್ ಎಂಬ ಗುರುವಿಗೆ ಬರೆದರು: ಜನ ದೆವ್ವಗಳಿಗೆ ಎತ್ತು ಕಡಿಯುವುದು ರೂಢಿ, ಇನ್ನು ಸಂತರ ಹಬ್ಬದ ದಿನ ಅದನ್ನೇ ಊಟಕ್ಕಾಗಿ ಕಡಿದು, ಕೊಟ್ಟವನಿಗೆ ಕೃತಜ್ಞತೆ ಹೇಳಲಿ. ಅರ್ಮೇನಿಯರ ‘ಮತಾಘ್’ ಇಂದಿಗೂ ಇದೆ. ಪ್ರಾಣಿಗೆ ಗುರುಗಳು ಆಶೀರ್ವದಿಸಿದ ಉಪ್ಪು ತಿನ್ನಿಸಿ, ಕೊಯ್ದು, ಮಸಾಲೆಯಿಲ್ಲದೆ ಉಪ್ಪುನೀರಲ್ಲಿ ಬೇಯಿಸಿ ಬಡವರಿಗೂ ನೆರೆಯವರಿಗೂ ಹಂಚುತ್ತಾರೆ. ಕೇರಳದ ಎಡಪ್ಪಳ್ಳಿ, ಪುದುಪ್ಪಳ್ಳಿಯ ಸಂತ ಜಾರ್ಜ್ ಇಗರ್ಜಿಗಳಲ್ಲಿ ಕೋಳಿಯೇ ಹರಕೆ.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಸುಗ್ಗಿ ಹಬ್ಬದಲ್ಲಿ ಇದು ಹರಾಜಿನ ರೂಪ ತಾಳಿದೆ. ರಾಗಿ, ಕುಂಬಳಕಾಯಿ, ಮೊಟ್ಟೆ, ಕೇಕು, ಕಾಲು ಕಟ್ಟಿದ ನಾಟಿಕೋಳಿ, ಕೆಲವೆಡೆ ಮರಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗು. ಬೆಲೆ ಮಾರುಕಟ್ಟೆಯದಲ್ಲ, ಕೊಂಡವರು ಅದನ್ನೇ ಮತ್ತೆ ಕಾಣಿಕೆ ಬಿಟ್ಟು ಒಂದು ನಿಂಬೆಹಣ್ಣು ಮೂರು ಸಲ ಬಿಕರಿಯಾಗುವುದುಂಟು. ಎಡವಟ್ಟಾಗುವುದು ಕೋಳಿಗಳ ವಿಷಯದಲ್ಲಿ. ಎರಡು ಗಂಟೆಯ ಆರಾಧನೆ ಮುಗಿಯುವವರೆಗೆ ತಲೆಕೆಳಗಾಗಿ ಬಿಸಿಲಲ್ಲಿ ಬಿದ್ದ ಕೋಳಿ ಹರಾಜಿಗೆ ಮುಂಚೆಯೇ ಕೊಕ್ಕು ತೆರೆದು ಏದುತ್ತಿರುತ್ತದೆ. ನೆರಳು, ಕುಕ್ಕೆ, ಒಂದು ತಟ್ಟೆ ನೀರು ಇಟ್ಟರೆ ಸಾಕು. ಕೃತಜ್ಞತೆಯ ಕಾಣಿಕೆಗೆ ಅಷ್ಟೂ ಮಾಡದಿರುವುದು ನಾಚಿಕೆಗೇಡು.

ಗೋಮಾಂಸದ ಮಾತು ಚಿಕ್ಕದು, ಅದು ಧರ್ಮಕ್ಕಿಂತ ಕಾನೂನಿನ ವಿಷಯ. 1964ರ ಕಾಯ್ದೆಯಲ್ಲಿ 12 ವರ್ಷ ಮೀರಿದ ಎತ್ತು, ಹೋರಿ, ಎಮ್ಮೆಗೆ ಅವಕಾಶವಿತ್ತು. 2021ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ. ಕ್ರಿಸ್ಮಸ್ಸಿನ ಸಾಲ್ಟ್ ಬೀಫ್‌ಗೆ ಈಗ ಸಿಗುವುದು ಮುದಿ ಎಮ್ಮೆಯ ನಾರುಮಾಂಸ. ಕುಕ್ಕರಿನಲ್ಲಿ ಹಳೆಯ ಲೆಕ್ಕದ ಸೀಟಿ ಸಾಲುವುದಿಲ್ಲ.

ಬೆಂಗಳೂರಿನಲ್ಲಿ ಒಂದೇ ಕೃತಜ್ಞತೆಯ ಹಬ್ಬ ಎರಡು ರೀತಿ ಉಣ್ಣುವುದನ್ನು ನೋಡಲು ಸೆಪ್ಟೆಂಬರ್ 8 ಸರಿಯಾದ ದಿನ. ಶಿವಾಜಿನಗರದ ಸಂತ ಮೇರಿ ಬೆಸಿಲಿಕದ ಜಾತ್ರೆ ಮುಗಿಸಿದವರಲ್ಲಿ ಅನೇಕರ ಮನೆಯಲ್ಲಿ ಬಿರಿಯಾನಿ: ಕಿಲೋ ಅಕ್ಕಿಗೆ ಕಿಲೋ ಮಾಂಸ, ಎಂಟು ಹತ್ತು ಜನಕ್ಕೆ. ಮಂಗಳೂರು ಕಡೆಯ ಕಥೋಲಿಕರಿಗೆ ಅದೇ ದಿನ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಬಾಳೆಯೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪಲ್ಯಗಳು. ಮೀನು ಕೂಡ ಇಲ್ಲ.

ಪವಿತ್ರ ಗುರುವಾರದ ರಾತ್ರಿ ಈ ಊರಿನ ಮಲಯಾಳಿ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಪಸ್ಕದ ನೆನಪು ಕುರಿಯಿಲ್ಲದೆ ನಡೆಯುತ್ತದೆ. ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ರುಬ್ಬಿದ ಉದ್ದು, ತೆಂಗಿನತುರಿ, ಜೀರಿಗೆ, ಸಣ್ಣ ಈರುಳ್ಳಿ ಬೆರೆಸಿ, ಗರಿಗಳ ಭಾನುವಾರದ ಗರಿಯಿಂದ ಮಾಡಿದ ಶಿಲುಬೆ ಮೇಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಜೊತೆಗೆ ಬೆಲ್ಲ, ತೆಂಗಿನಹಾಲಿನ ‘ಪಾಲ್’. ಇದು ಹುಳಿಯಿಲ್ಲದ ರೊಟ್ಟಿ. ಆದರೆ ಅಕ್ಕಿ, ಉದ್ದು ಎಂದರೆ ಇಡ್ಲಿಯ ಹಿಟ್ಟೇ. ಕಲಸಿದ ಮೇಲೆ ತಡ ಮಾಡಿದರೆ ಬೆಂಗಳೂರಿನ ಏಪ್ರಿಲ್‌ನಲ್ಲಿ ಉಬ್ಬಿ ಹುಳಿ ಹಿಡಿದು ನೇಮ ಕೆಡುತ್ತದೆ, ಆದ್ದರಿಂದ ಉದ್ದನ್ನು ತಣ್ಣೀರಲ್ಲಿ ರುಬ್ಬಿ ಕೂಡಲೇ ಹಬೆಗಿಡಬೇಕು. ಮನೆಯ ಹಿರಿಯರು ಮುರಿದು ದೊಡ್ಡವರಿಂದ ಚಿಕ್ಕವರವರೆಗೆ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಮಾತ್ರ ಇದನ್ನು ಮಾಡುವುದಿಲ್ಲ. ಅಲ್ಲಿಗೆ ಬಂಧುಗಳೋ ನೆರೆಯವರೋ ತಮ್ಮ ಮನೆಯದನ್ನು ಡಬ್ಬಿಯಲ್ಲಿ ಕಳಿಸುತ್ತಾರೆ.